ಓಡಿದವರೆಷ್ಟು ಮಂದಿ?

ಕೊರ್ಲಹಳ್ಳಿ ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಅಂಚಿನ ಊರು. ಪಕ್ಕದಲ್ಲೇ ತುಂಗಭದ್ರೆ, ಹೊಳೆ ದಾಟಿದರೆ ಹೂವಿನಹಡಗಲಿ ತಾಲ್ಲೂಕು. ನಸುಕಿನಲ್ಲಿ ಸೇತುವೆ ಕಡೆಯ ರಸ್ತೆಯಲ್ಲಿ ಹುಡುಗರು ಓಡುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದರೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಸೈನ್ಯಕ್ಕೆ ಹೋಗಬೇಕೆನ್ನುವವರಿಗೆ ಗಡುವು ಇನ್ನೂ ಬಿಗಿ. ಕೆಲವರು ಅಷ್ಟಕ್ಕೇ ನಿಲ್ಲದೆ ಐದು ಕಿಲೋಮೀಟರ್, ಹತ್ತು ಕಿಲೋಮೀಟರ್ ರೂಢಿ ಮಾಡಿಕೊಳ್ಳುತ್ತಾರೆ.

"ಇಷ್ಟ್ಯಾಕ ಓಡತೀಯೋ ತಮ್ಮಾ? ಎದಿ ನಿಂತ್ರ ಏನ್ ಮಾಡ್ತಿ?" ಎಂದು ಕಟ್ಟೆಯ ಮೇಲಿನ ಹಿರಿಯರು ಕೇಳುತ್ತಾರೆ. "ಓಡ್ಲಿಲ್ಲಂದ್ರ ನೌಕರಿ ಹೆಂಗ ಹತ್ತತೈತಿ ಕಾಕಾ?" ಎನ್ನುವುದು ಹುಡುಗರ ಉತ್ತರ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ಹೃದಯ ನಿಂತು ಹೋದ ಮೇಲೆ ಈ ಭಯ ನಮ್ಮ ಮನೆಮನೆಗೂ ಹೊಕ್ಕಿದೆ. ಹಿರಿಯರ ಮಾತನ್ನು ಹಗುರಾಗಿ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ದೂರ ಓಡುವವರಲ್ಲಿ ಸಾಯುವವರು ನಿಜಕ್ಕೂ ಎಷ್ಟು ಮಂದಿ? ದಾಖಲೆಗಳಲ್ಲಿ ಹುಡುಕತೊಡಗಿದೆ.

ಹುಡುಕಾಟ ಶುರುವಾಗುವುದೇ ಒಂದು ಸಾವಿನಿಂದ. ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಬಯಲಿನ ಯುದ್ಧ ಗೆದ್ದ ಸುದ್ದಿಯನ್ನು ಅಥೆನ್ಸಿಗೆ ಮುಟ್ಟಿಸಿ ಓಟಗಾರನೊಬ್ಬ ಅಲ್ಲೇ ಪ್ರಾಣ ಬಿಟ್ಟನೆಂಬುದು ಶಾಲೆಯಲ್ಲಿ ಎಲ್ಲರೂ ಕೇಳಿದ ಕಥೆ. ಆದರೆ ಆ ಯುದ್ಧಕ್ಕೆ ಹತ್ತಿರದ ಕಾಲದವನಾದ ಹೆರೊಡೋಟಸ್ ಬರೆದದ್ದನ್ನು ನೋಡಿದರೆ ಅಲ್ಲಿ ಅಂಥ ಸಾವಿಲ್ಲ. ಅವನ ಓಟಗಾರ ನೆರವು ಕೇಳಲು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡುತ್ತಾನೆ, ಮರುದಿನವೇ ಮುಟ್ಟುತ್ತಾನೆ, ಬದುಕಿಯೇ ಇರುತ್ತಾನೆ. ಓಡಿ ಬಂದು ಸತ್ತವನ ಕಥೆ ಸಿಗುವುದು ಯುದ್ಧವಾಗಿ ಐದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಬರೆದ ಪ್ಲುಟಾರ್ಕ್ ಮತ್ತು ಲೂಸಿಯನ್‌ರಲ್ಲಿ. ಅವರಲ್ಲೂ ಓಟಗಾರನ ಹೆಸರು ಒಂದೇ ಅಲ್ಲ. ಓಟದ ಭಯಕ್ಕೆ ಮೂಲವಾದ ಸಾವೇ ದಾಖಲೆಯಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ.

ಗಟ್ಟಿಯಾಗಿ ನಿಲ್ಲುವ ಸಾವು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನದು. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜಾರೊ ಸುಡುಬಿಸಿಲಿನ ಮ್ಯಾರಥಾನಿನಲ್ಲಿ ಕುಸಿದು, ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಬಿಸಿಲು ತಾಗದಿರಲೆಂದು ಅವನು ಮೈಗೆ ಮೇಣ ಬಳಿದುಕೊಂಡಿದ್ದನೆಂದೂ ಅದರಿಂದ ಬೆವರು ಹೊರಬರಲಿಲ್ಲವೆಂದೂ ಬರೆದಿಟ್ಟಿದ್ದಾರೆ. ಓಡುವಾಗ ಮೈಯಲ್ಲಿ ಹುಟ್ಟುವ ಶಾಖವನ್ನು ಹೊರಹಾಕುವುದು ಮುಖ್ಯವಾಗಿ ಬೆವರೇ. ಬೆವರು ಆರದಿದ್ದರೆ ಒಳಗಿನ ಬಿಸಿ ಏರುತ್ತಲೇ ಹೋಗಿ ಮಿದುಳು, ಮೂತ್ರಪಿಂಡ, ಹೃದಯ ಒಂದೊಂದಾಗಿ ಕೈಕೊಡುತ್ತವೆ. ಗದಗ ಸೀಮೆಯ ಏಪ್ರಿಲ್ ಬಿಸಿಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಒಂದೊಂದೇ ಸಾವನ್ನು ಕೂಡಿಸುತ್ತ ಹೋದರೆ ಭಯ ಬೆಳೆಯುತ್ತದೆ, ಲೆಕ್ಕ ಸಿಗುವುದಿಲ್ಲ. ಸತ್ತವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಓಡಿ ಮನೆಗೆ ಬಂದು ಚಹಾ ಕುಡಿದವರ ಹೆಸರು ಬರುವುದಿಲ್ಲ. ಆ ಇನ್ನೊಂದು ಸಂಖ್ಯೆಯನ್ನೂ ಹಿಡಿದ ದೊಡ್ಡ ಅಧ್ಯಯನ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಜೊನಾಥನ್ ಕಿಮ್ ಮತ್ತು ಸಂಗಡಿಗರು 2000ದಿಂದ 2010ರವರೆಗೆ ಅಮೆರಿಕದ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್‌ಗಳನ್ನು ಜಾಲಾಡಿದರು. ಆ ಅವಧಿಯಲ್ಲಿ ಓಡಿದವರು 1.09 ಕೋಟಿ, ಹೃದಯ ನಿಂತವರು 59, ಅವರಲ್ಲಿ ಸತ್ತವರು 42. ಎಂದರೆ ಸುಮಾರು 2.59 ಲಕ್ಷ ಓಟಗಾರರಿಗೆ ಒಂದು ಸಾವು. ಹೃದಯ ನಿಂತ 59 ಮಂದಿಯಲ್ಲಿ 51 ಗಂಡಸರು. ಸರಾಸರಿ ವಯಸ್ಸು 42. ಪೂರ್ಣ ಮ್ಯಾರಥಾನಿನಲ್ಲಿ ಹೃದಯ ನಿಲ್ಲುವ ಪ್ರಮಾಣ ಲಕ್ಷಕ್ಕೆ 1.01, ಅರ್ಧದಲ್ಲಿ 0.27.

ಈ ಅಂಕಿಯನ್ನು ಹಾಗೇ ಎತ್ತಿ ಕೊರ್ಲಹಳ್ಳಿಯ ರಸ್ತೆಗೆ ತರಲು ಬರುವುದಿಲ್ಲ. ಅದು ಒಂದು ಸ್ಪರ್ಧೆಯ ಲೆಕ್ಕ. ನಮ್ಮ ಹುಡುಗರು ದಿನಾ ಓಡುವವರು. ಹಾಗಾಗಿ ತಾಸಿನ ಲೆಕ್ಕ ಹುಡುಕಿದೆ. ಅದು ಸಿಕ್ಕಿದ್ದು 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ರೆಡಲ್‌ಮೈಯರ್ ಮತ್ತು ಗ್ರೀನ್‌ವಾಲ್ಡ್ ಅವರ ಲೇಖನದಲ್ಲಿ. ಅಮೆರಿಕದ 26 ಮ್ಯಾರಥಾನ್‌ಗಳಲ್ಲಿ ಹಲವು ವರ್ಷಗಳಲ್ಲಿ ಓಡಿದ 32.9 ಲಕ್ಷ ಜನ ಒಟ್ಟು ಸುಮಾರು 1.4 ಕೋಟಿ ತಾಸು ಓಡಿದ್ದರು. ಹಠಾತ್ ಹೃದಯ ನಿಂತು ಸತ್ತವರು 26. ಐದು ಲಕ್ಷ ತಾಸಿಗೂ ಹೆಚ್ಚಿನ ಓಟಕ್ಕೆ ಒಬ್ಬರು. ದಿನಕ್ಕೆ ಅರ್ಧ ತಾಸಿನಂತೆ ವರ್ಷದಲ್ಲಿ ಇನ್ನೂರು ದಿನ ಓಡುವ ಹುಡುಗನ ಪಾಲಿಗೆ ಬರುವುದು ನೂರು ತಾಸು.

ಅದೇ ಲೇಖನದ ಇನ್ನೊಂದು ಅರ್ಧವನ್ನು ಓದಿ ನಾನು ಬಹಳ ಹೊತ್ತು ಪುಟ ತಿರುಗಿಸಲಿಲ್ಲ. ಮ್ಯಾರಥಾನ್ ದಿನ ರಸ್ತೆ ಮುಚ್ಚಿರುತ್ತಾರಲ್ಲ, ಆ ಹೊತ್ತಿನಲ್ಲಿ ಅಲ್ಲಿ ಆಗಬೇಕಿದ್ದ ವಾಹನ ಅಪಘಾತದ ಸಾವುಗಳೆಷ್ಟು ತಪ್ಪಿದವು ಎಂದು ಅವರು ನೋಡಿದ್ದರು. ಉತ್ತರ: 46. ಓಟ ತೆಗೆದುಕೊಂಡ ಜೀವಗಳಿಗಿಂತ ಮುಚ್ಚಿದ ರಸ್ತೆ ಉಳಿಸಿದ ಜೀವಗಳು ಹೆಚ್ಚು.

ನಮ್ಮಲ್ಲಿ ಓಡುವವರಿಗಾಗಿ ಯಾವ ರಸ್ತೆಯೂ ಮುಚ್ಚುವುದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ಕಾಲ್ನಡಿಗೆಯವರು. ಮಬ್ಬುಗತ್ತಲಲ್ಲಿ ಕಪ್ಪು ಟೀ ಶರ್ಟು ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೆನ್ನ ಹಿಂದಿನಿಂದ ಬರುವ ಮರಳಿನ ಲಾರಿಗೋ, ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿಗೋ ಮೈಯೊಡ್ಡಿ ಓಡುವ ಹುಡುಗನಿಗೆ ಎದೆಗಿಂತ ಬೆನ್ನಿನ ಕಡೆಯ ಅಪಾಯವೇ ದೊಡ್ಡದೆಂದು ನನ್ನ ತೀರ್ಮಾನ. ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವಂತೆ ಓಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಹೊಳೆಯ ಊರಾದ್ದರಿಂದ ಈಜಿನ ದಾಖಲೆಯನ್ನೂ ನೋಡಿದೆ. ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್‌ನಲ್ಲಿ 1985ರಿಂದ 2016ರವರೆಗೆ ಅಮೆರಿಕದಲ್ಲಿ ಆದ 135 ಸಾವು ಮತ್ತು ಹೃದಯಸ್ತಂಭನಗಳನ್ನು 2017ರ ಅಧ್ಯಯನವೊಂದು ಪಟ್ಟಿ ಮಾಡಿದೆ. ಅವುಗಳಲ್ಲಿ 90 ಆದದ್ದು ನೀರಿನಲ್ಲಿ. ಓಡುವವನು ಸುಸ್ತಾದರೆ ನಿಲ್ಲಬಹುದು. ಈಜುವವನಿಗೆ ಆ ಅನುಕೂಲವಿಲ್ಲ, ಮುಳುಗಿದವನು ದಡದವರಿಗೆ ತಕ್ಷಣ ಕಾಣುವುದೂ ಇಲ್ಲ.

ಹಾಗಾದರೆ ಹಿರಿಯರ ಭಯ ಪೂರ್ತಿ ಸುಳ್ಳೇ? 2024ರ ಆಗಸ್ಟ್-ಸೆಪ್ಟೆಂಬರಿನ ಜಾರ್ಖಂಡ್ ಸುದ್ದಿ ಓದಿದರೆ ಹಾಗೆನ್ನಲು ಬಾಯಿ ಬರುವುದಿಲ್ಲ. ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗೆ ಹುಡುಗರು ಹತ್ತು ಕಿಲೋಮೀಟರನ್ನು ಒಂದು ತಾಸಿನಲ್ಲಿ ಓಡಬೇಕಿತ್ತು. ಹತ್ತಕ್ಕೂ ಹೆಚ್ಚು ಯುವಕರು ಸತ್ತರು. ಸರಕಾರ ಕೆಲ ದಿನ ಓಟ ನಿಲ್ಲಿಸಬೇಕಾಯಿತು. ಮ್ಯಾರಥಾನಿಗೆ ಬರುವವನು ತಿಂಗಳುಗಟ್ಟಲೆ ತಯಾರಾಗಿ ಬರುತ್ತಾನೆ, ಆಗದಿದ್ದರೆ ಬಿಟ್ಟು ನಡೆಯುತ್ತಾನೆ. ನೌಕರಿಗಾಗಿ ಓಡುವವನು ಬಿಡುವುದಿಲ್ಲ. ಸೆಕೆ, ತಯಾರಿ ಇಲ್ಲದ ಮೈ, ಬಿಡಲಾಗದ ಹಟ ಈ ಮೂರೂ ಒಂದೆಡೆ ಸೇರಿದಾಗ ಅಮೆರಿಕದ ಯಾವ ಅಂಕಿಯೂ ಧೈರ್ಯ ಕೊಡಲಾರದು.

ಲೆಕ್ಕ ಹೇಗೆ ದಾರಿ ತಪ್ಪುತ್ತದೆಂಬುದಕ್ಕೆ ನಮ್ಮದೇ ಉದಾಹರಣೆ 2025ರ ಹಾಸನ. ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿಗೆ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ರಸ್ತೆ ಅಪಘಾತ, ವಿದ್ಯುತ್ ಆಘಾತದ ಸಾವುಗಳೂ ಪಟ್ಟಿಗೆ ಸೇರಿದ್ದವು. ಒಟ್ಟು ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲವೆಂದು ಸಮಿತಿ ಹೇಳಿತು. ಆದರೆ ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವ ಚಾಲಕರು ಎದ್ದು ಕಂಡರು. ದಿನವಿಡೀ ಕೂತು ದುಡಿಯುವವರು ಅವರು.

ಇಷ್ಟೆಲ್ಲ ದಾಖಲೆಗಳಲ್ಲಿ ನನಗೆ ಹೆಚ್ಚು ಬೆಲೆಯದೆನಿಸಿದ್ದು ಕಿಮ್ ಅವರ ತಂಡ 2025ರಲ್ಲಿ ಪ್ರಕಟಿಸಿದ ಎರಡನೇ ಲೆಕ್ಕ. 2010ರಿಂದ 2023ರವರೆಗೆ ಓಟ ಮುಗಿಸಿದವರು 2.93 ಕೋಟಿ, ಹೃದಯ ನಿಂತವರು 176. ಲಕ್ಷಕ್ಕೆ 0.60; ಹಿಂದಿನ 0.54ಕ್ಕೆ ಹೆಚ್ಚು ಕಡಿಮೆ ಅಷ್ಟೇ. ಸಾವು ಮಾತ್ರ ಲಕ್ಷಕ್ಕೆ 0.39ರಿಂದ 0.19ಕ್ಕೆ ಇಳಿದಿದೆ. ಮೊದಲು ಹೃದಯ ನಿಂತ ನೂರರಲ್ಲಿ 71 ಮಂದಿ ಸಾಯುತ್ತಿದ್ದರು, ಈಗ 34. ಓಟಗಾರರ ಹೃದಯ ಬದಲಾಗಿಲ್ಲ. ಪಕ್ಕದಲ್ಲಿದ್ದವರು ತಕ್ಷಣ ಎದೆ ಒತ್ತತೊಡಗಿದರು, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಪೆಟ್ಟಿಗೆ ಕೈಗೆಟುಕುವಂತಾಯಿತು.

ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಬಂದಿದೆ. ಆದರೆ ಹೃದಯ ಪೂರ್ತಿ ನಿಂತವನಿಗೆ ಆಸ್ಪತ್ರೆ ಮುಟ್ಟುವಷ್ಟು ಪುರಸೊತ್ತಿಲ್ಲ. ಯಾರೂ ಎದೆ ಒತ್ತದಿದ್ದರೆ ಪ್ರತಿ ನಿಮಿಷಕ್ಕೂ ಉಳಿಯುವ ಸಾಧ್ಯತೆ ಹತ್ತಿರ ಹತ್ತಿರ ಶೇ 10ರಷ್ಟು ಕುಸಿಯುತ್ತದೆ. 108ಕ್ಕೆ ಒಬ್ಬ ಫೋನ್ ಹಚ್ಚಬೇಕು, ಇನ್ನೊಬ್ಬ ಎರಡೂ ಅಂಗೈ ಒಂದರ ಮೇಲೊಂದಿಟ್ಟು ಎದೆಯ ನಡುವೆ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುತ್ತಿರಬೇಕು. ಅದಕ್ಕೇ ಒಬ್ಬರೇ ಓಡಬಾರದು. ಓಡುವಾಗ ಒಮ್ಮೆಯಾದರೂ ತಲೆ ಸುತ್ತಿ ಬಿದ್ದವನು, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿಗೆ ದಿಢೀರ್ ಸತ್ತವರಿದ್ದವನು ಮೊದಲು ವೈದ್ಯರಿಗೆ ಎದೆ ತೋರಿಸಬೇಕು. ಹೃದಯದ ಸ್ನಾಯು ದಪ್ಪಗಾಗುವ ಆನುವಂಶಿಕ ದೋಷ ಎಷ್ಟೋ ಸಲ ಹೀಗೆಯೇ ಸುಳಿವು ಕೊಡುತ್ತದೆ.

ಕನ್ನಡ ನಾಡಿನ ನಮ್ಮದೇ ಅಂಕಿ ಎಲ್ಲಿ ಸಿಕ್ಕೀತು? ಗ್ರಾಮ ಪಂಚಾಯಿತಿಯ ಮರಣ ನೋಂದಣಿಯಲ್ಲಿ ಸತ್ತವರಿದ್ದಾರೆ, ಓಡಿದವರಿಲ್ಲ. ಎರಡನ್ನೂ ಒಟ್ಟಿಗೆ ಇಡಬಲ್ಲ ಕಡತ ಪೊಲೀಸ್ ನೇಮಕಾತಿಯದು. ಅಲ್ಲಿ ಮೈದಾನಕ್ಕಿಳಿದ ಪ್ರತಿಯೊಬ್ಬನ ಎದೆಯ ಮೇಲೂ ಒಂದು ನಂಬರ್ ಇರುತ್ತದೆ, ಪ್ರತಿ ನಂಬರಿನ ಮುಂದೆ ಓಡಿದ ಸಮಯ ಇರುತ್ತದೆ. ಕುಸಿದವರ ಹೆಸರು, ಆ ದಿನದ ಬಿಸಿಲು, ಓಟ ಶುರುವಾದ ಹೊತ್ತು ಇವನ್ನೂ ಅದರ ಪಕ್ಕಕ್ಕೆ ಬರೆದು, ಹೆಸರು ಮುಚ್ಚಿ, ಜಿಲ್ಲಾವಾರು ಪ್ರಕಟಿಸಿ ಎಂದು ಕೇಳುವುದು ಹೆಚ್ಚಿನದೇನಲ್ಲ. ಮಾಹಿತಿ ಹಕ್ಕಿನ ಅರ್ಜಿ ಬರೆಯುತ್ತಿದ್ದೇನೆ.