ಇ-ಪುಸ್ತಕಗಳ ಕ್ರಯವಿಕ್ರಯ

ಕೊಂಡ ಪುಸ್ತಕವು ಕೊಂಡವನದೆಂಬುದು ಲೋಕರೂಢಿ. ಇ-ಪುಸ್ತಕದ ಅಂಗಡಿಗಳಲ್ಲಿ ಈ ರೂಢಿಯು ನಿಲ್ಲಲಿಲ್ಲ. 2009ನೆಯ ಇಸವಿಯ ಜುಲೈ ಮಾಸದಲ್ಲಿ ಅಮೆಜಾನ್ ಸಂಸ್ಥೆಯು, ಹಕ್ಕಿಲ್ಲದವರು ತನ್ನಲ್ಲಿ ಮಾರಾಟಕ್ಕಿಟ್ಟಿದ್ದ ಜಾರ್ಜ್ ಆರ್ವೆಲ್ಲನ ಎರಡು ಕೃತಿಗಳನ್ನು ಓದುಗರ ಕಿಂಡಲ್ ಯಂತ್ರಗಳಿಂದಲೇ ಅಳಿಸಿ, ಹಣವನ್ನು ಹಿಂದಿರುಗಿಸಿತು. ಅವುಗಳಲ್ಲೊಂದು, ಹಳೆಯ ಬರೆಹಗಳನ್ನು ಸುಟ್ಟು ಚರಿತ್ರೆಯನ್ನೇ ತಿದ್ದುವ ಪ್ರಭುತ್ವದ ಕಥೆ! ಸಂಸ್ಥೆಯ ಮುಖ್ಯರಾದ ಬೆಜೋಸರು ಆ ಬಳಿಕ ಕ್ಷಮೆ ಬೇಡಿದರು.

2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಪುಸ್ತಕದಂಗಡಿಯನ್ನೇ ಮುಚ್ಚಿತು. ಗ್ರಂಥಗಳಿಗೆ ಬೀಗ ತೊಡಿಸಿದ್ದಿತು. ಕೀಲಿಕೈ ಅಂಗಡಿಯಲ್ಲಿಯೇ ಇದ್ದಿತು. ಆದುದರಿಂದ ಕೊಂಡವೆಲ್ಲವೂ ಜುಲೈ ಮಾಸದಿಂದ ತೆರೆಯದಾದುವು. ಹಣವೇನೋ ಮರಳಿತು, ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರುಗಳು. ವ್ಯಾಸಂಗದ ಶ್ರಮಕ್ಕೆ ಇದೇ ಬೆಲೆಯೇ?

ಅಮೆರಿಕದ ಬೇನ್ ಪ್ರಕಾಶನವು 1999ರಿಂದಲೂ, ಟಾರ್ ಪ್ರಕಾಶನವು 2012ರಿಂದಲೂ ಬೀಗವಿಲ್ಲದ ಪುಸ್ತಕಗಳನ್ನು ಮಾರುತ್ತಿರುವುವು. ಅಂತಹ ಪ್ರತಿಯನ್ನು ಮನೆಯಲ್ಲಿ ಇಳಿಸಿಟ್ಟುಕೊಂಡವರು ಅಂಗಡಿಯು ಮುಚ್ಚಿದರೂ ಓದಬಹುದು.