ಎವೆಯಿಕ್ಕುವ ಬೆಳಕು

ಚಿಕ್ಕಂದಿನಲ್ಲಿ ಒಲೆಯ ಕೊಳ್ಳಿಯನ್ನೆಳೆದು ಗಿರಗಿರನೆ ತಿರುಗಿಸಿ ಅಜ್ಜಿಯಿಂದ ಬೈಸಿಕೊಂಡವರು ಓದುಗರಲ್ಲಿ ಹಲವರಿರಬೇಕು. ಕೊಳ್ಳಿಯ ತುದಿಯಲ್ಲಿರುವುದು ಒಂದೇ ಕೆಂಡ. ಕಣ್ಣಿಗೆ ಕಾಣುವುದು ಬೆಂಕಿಯ ಬಳೆ. ಗೌಡಪಾದರ ಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ‘ಅಲಾತಶಾಂತಿ’ ಎಂಬ ಹೆಸರು ಬಂದುದು ಈ ಕೊಳ್ಳಿಯಿಂದಲೇ. ಅವರಿಗೆ ಬೇಕಾಗಿದ್ದುದು ವೇದಾಂತ. ನಮಗೆ ಈ ಹೊತ್ತು ಬೇಕಾದುದು ಕಣ್ಣಿನ ಸ್ವಭಾವವಷ್ಟೆ: ಕಂಡ ಬೆಳಕನ್ನು ಅದು ಒಡನೆಯೇ ಬಿಟ್ಟುಕೊಡುವುದಿಲ್ಲ. ಸಿನಿಮಾ, ಟೆಲಿವಿಷನ್ನು, ತಮ್ಮ ಅಂಗೈಯ ಮೊಬೈಲು, ಇವೆಲ್ಲವೂ ಈ ದೌರ್ಬಲ್ಯವನ್ನು ಬಂಡವಾಳ ಮಾಡಿಕೊಂಡೇ ಬೆಳೆದವು.

ಬಂಡವಾಳ ಸಾಲದೆ ಹೋದಾಗ ಚಿತ್ರ ಮಿಟುಕುತ್ತದೆ. ಇಂಗ್ಲಿಷ್ ಆಡುವ ಜನ ಸಿನಿಮಾಕ್ಕೆ ‘ಫ್ಲಿಕ್ಸ್’ ಎಂದು ಅಡ್ಡಹೆಸರಿಟ್ಟದ್ದು ಹಳೆಯ ಮೂಕಿಚಿತ್ರಗಳ ಮಿಟುಕಾಟವನ್ನು ಕಂಡೇ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪ್ರೊಜೆಕ್ಟರಿನ ಬೆಳಕಿಗೆ ಅಡ್ಡವಾಗಿ ತಿರುಗುವ ಮರೆಗೆ ಹೆಚ್ಚಿನ ಅಲಗುಗಳನ್ನು ಜೋಡಿಸಿದರು. ಒಂದೇ ಚಿತ್ರ ನಿಂತಿರುವಾಗ ಬೆಳಕು ಎರಡು ಮೂರು ಸಲ ಬಂದುಹೋಗುವಂತಾಯಿತು. ವಾಕ್ಚಿತ್ರ ಬಂದ ಮೇಲೆ ಸೆಕೆಂಡಿಗೆ ೨೪ ಚಿತ್ರ, ಒಂದೊಂದಕ್ಕೆ ಎರಡೆರಡು ಮಿಂಚು, ಒಟ್ಟು ೪೮. ಫಿಲ್ಮು ಒಂದಡಿಯೂ ಹೆಚ್ಚಿಗೆ ವೆಚ್ಚವಾಗಲಿಲ್ಲ. ಲಂಡನ್ನಿನ ಅಲೆಕ್ಸಾಂಡ್ರಾ ಅರಮನೆಯಿಂದ ೧೯೩೬ರಲ್ಲಿ ಬಿ.ಬಿ.ಸಿ. ಆರಂಭಿಸಿದ ೪೦೫ ಗೆರೆಗಳ ಟೆಲಿವಿಷನ್ನಿನಲ್ಲಿಯೂ ಇಂಥದೇ ಉಪಾಯ. ಮೊದಲು ಬೆಸದ ಗೆರೆಗಳು, ಆಮೇಲೆ ಸರಿಯ ಗೆರೆಗಳು; ೨೫ ಪೂರ್ಣಚಿತ್ರಗಳು ೫೦ ಅರ್ಧಚಿತ್ರಗಳಾದವು.

ಬೆಳಕು ಹೆಚ್ಚಿದಷ್ಟೂ ಕಣ್ಣು ಚುರುಕಾಗಿ ಮಿಟುಕನ್ನು ಹಿಡಿಯುತ್ತದೆ ಎಂದು ೧೮೯೨ರಲ್ಲಿ ಫೆರಿ, ೧೯೦೨ರಲ್ಲಿ ಪೋರ್ಟರ್ ತೋರಿಸಿದ್ದರು. ಕತ್ತಲೆಯ ಕೊಟ್ಟಗೆಯಲ್ಲಿ ೪೮ ಸಾಕಾದದ್ದು ಬೆಳಕಿನ ಕಚೇರಿಯ ಕಂಪ್ಯೂಟರಿಗೆ ಸಾಲದಾಯಿತು. ಅಲ್ಲಿ ೭೫, ೮೫ರವರೆಗೆ ಏರಿಸಬೇಕಾಯಿತು. ಹೀಗೆ ನೂರು ವರ್ಷ ಮಿಟುಕಿಗೆ ಎಲ್ಲರೂ ಹೇಳಿದ ಮದ್ದು ಒಂದೇ: ಇನ್ನೂ ವೇಗ.

ಕಾಣಿಸದ ಮಿಟುಕು ಇಲ್ಲದ ಮಿಟುಕೆಂದು ತಾವು ತಿಳಿಯಬಾರದು. ಹಳೆಯ ಚೋಕಿನ ಟ್ಯೂಬ್‌ಲೈಟು ಐವತ್ತು ಆವರ್ತದ ವಿದ್ಯುತ್ತಿನಲ್ಲಿ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ, ಅದನ್ನು ಕಂಡವರಾರು? ಆದರೂ ಇಂಗ್ಲೆಂಡಿನಲ್ಲಿ ವಿಲ್ಕಿನ್ಸ್ ಮತ್ತು ಸಂಗಡಿಗರು ಒಂದು ಕಚೇರಿಯಲ್ಲಿ, ಯಾವ ದೀಪ ಯಾವುದೆಂದು ನೌಕರರಿಗೆ ತಿಳಿಸದೆ, ಹಳೆಯ ಚೋಕನ್ನೂ ಸಾವಿರಾರು ಆವರ್ತದ ಹೊಸ ಚೋಕನ್ನೂ ಹೋಲಿಸಿ ನೋಡಿದರು. ಹೊಸ ದೀಪದ ಕೆಳಗೆ ತಲೆನೋವು, ಕಣ್ಣಿನ ಆಯಾಸ ಅರ್ಧಕ್ಕಿಂತ ಕೆಳಗಿಳಿದವೆಂದು ೧೯೮೯ರಲ್ಲಿ ಪ್ರಕಟಿಸಿದರು. ನನಗೆ ಈ ಸಂಗತಿ ಓದಿ ಸಮಾಧಾನವೇ ಆಯಿತೆನ್ನಬೇಕು. ರಾತ್ರಿ ದೀಪವಾರಿಸಿ, ಮೊಬೈಲಿನ ಬೆಳಕನ್ನು ತೀರ ತಗ್ಗಿಸಿ ಓದುವ ದುರಭ್ಯಾಸ ನನ್ನದು. ಅರ್ಧ ಗಂಟೆಯಾಗುವಷ್ಟರಲ್ಲಿ ಹುಬ್ಬಿನ ಮೇಲೆ ಮೊಳೆ ಹೊಡೆದಂತಾಗುತ್ತಿತ್ತು. ಕಣ್ಣಿನ ವೈದ್ಯರು ಪರೀಕ್ಷಿಸಿ, ಕಣ್ಣು ಸರಿಯಿದೆ, ವಯಸ್ಸಿನ ದೋಷವೆಂದು ಕಳಿಸಿದರು. ಒಂದು ದಿನ ಮಗಳು ತನ್ನ ಮೊಬೈಲಿನ ಕ್ಯಾಮೆರಾದಲ್ಲಿ ನನ್ನದನ್ನು ನೋಡಿದಾಗ ಪರದೆಯ ತುಂಬ ಕಪ್ಪು ಪಟ್ಟೆಗಳು ಹರಿಯುತ್ತಿದ್ದವು!

ಆ ಪರದೆ ‘ಓಎಲ್‌ಇಡಿ’ ಜಾತಿಯದು. ಅಮೆರಿಕದ ಕೊಡಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ೧೯೮೭ರಲ್ಲಿ, ಇಂಗಾಲದ ಸಂಯುಕ್ತಗಳ ಎರಡು ತೆಳುಪದರಗಳು ಹತ್ತು ವೋಲ್ಟಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಬೆಳಗುವುದನ್ನು ತೋರಿಸಿದರು. ಇಲ್ಲಿ ಹಿಂದಿನಿಂದ ಬೆಳಗಿಸುವ ದೀಪವಿಲ್ಲ. ಪ್ರತಿಯೊಂದು ಚುಕ್ಕೆಯೂ ತಾನೇ ಹಣತೆ. ಕಪ್ಪು ಚುಕ್ಕೆಗೆ ಎಣ್ಣೆಯ ವೆಚ್ಚವೇ ಇಲ್ಲ.

ಆದರೆ ಹಣತೆಗೆ ಎಣ್ಣೆ ಹೊಯ್ಯಬೇಕಲ್ಲ. ಒಂದೊಂದು ಚುಕ್ಕೆಯ ಹಿಂದೆಯೂ ವಿದ್ಯುದಂಶವನ್ನು ಹಿಡಿದಿಡುವ ಒಂದು ಪುಟ್ಟ ಗಡಿಗೆ, ಅದರ ಬಾಯಿಗೆ ಒಂದು ಟ್ರಾನ್ಸಿಸ್ಟರು. (ನಮ್ಮ ಮನೆಗಳಲ್ಲಿ ಟ್ರಾನ್ಸಿಸ್ಟರ್ ಎಂದರೆ ರೇಡಿಯೋ ಎಂದೇ ಅರ್ಥವಿತ್ತು, ಇದು ಅದರೊಳಗಿನ ಸಾಮಾನಿನ ಮರಿಮಗ.) ಗಡಿಗೆಯಲ್ಲಿ ಎಷ್ಟು ತುಂಬಿದೆಯೋ ಅದಕ್ಕೆ ತಕ್ಕಂತೆ ಬೆಳಕು. ಸಾಮಾನ್ಯವಾಗಿ ಸೆಕೆಂಡಿಗೆ ೬೦ ಸಲ ಹೊಸದಾಗಿ ತುಂಬುತ್ತಾರೆ. ಬ್ಯಾಟರಿ ಉಳಿಸಬೇಕೆಂದರೆ, ಚಿತ್ರ ಕದಲದಿರುವಾಗ ಈ ತುಂಬುವ ಕೆಲಸವನ್ನು ಕಡಿಮೆ ಮಾಡಬೇಕು. ಇಲ್ಲಿಯೇ ತೊಡಕು. ಸಿಲಿಕಾನಿನ ಟ್ರಾನ್ಸಿಸ್ಟರು ಚುರುಕೇನೋ ಹೌದು, ಆದರೆ ಮುಚ್ಚಿದಾಗಲೂ ಸೋರುತ್ತದೆ. ಹಿಂದೆ ಮುಹೂರ್ತ ನೋಡಲು ತಳದಲ್ಲಿ ತೂತಿದ್ದ ಗಳಿಗೆಬಟ್ಟಲನ್ನು ನೀರಿನ ಮೇಲೆ ತೇಲಬಿಡುತ್ತಿದ್ದರಷ್ಟೆ; ಅಲ್ಲಿ ತೂತೇ ಗುಣ, ಇಲ್ಲಿ ತೂತೇ ದೋಷ. ಸೋರಿದಂತೆ ಬೆಳಕು ಮೆಲ್ಲನೆ ಬದಲಾಗುತ್ತದೆ. ಮತ್ತೆ ತುಂಬಿದೊಡನೆ ತಟಕ್ಕನೆ ಮೊದಲಿನ ಮಟ್ಟಕ್ಕೆ ಹಾರುತ್ತದೆ. ತುಂಬುವುದು ಅಪರೂಪವಾದಷ್ಟೂ ಈ ಹಾರಾಟ ಎದ್ದುಕಾಣುತ್ತದೆ. ಮಿತವ್ಯಯವೇ ಮಿಟುಕಿಗೆ ಕಾರಣವಾಯಿತು. ವೇಗವೆಂಬ ಹಳೆಯ ಮದ್ದನ್ನು ಕೊಟ್ಟರೆ ಬ್ಯಾಟರಿಯ ಆಸೆಯನ್ನೇ ಬಿಡಬೇಕು.

ಪರಿಹಾರ ಜಪಾನಿನಿಂದ ಬಂದಿತು. ಟೋಕಿಯೋದ ಹಿಡಿಯೊ ಹೊಸೊನೊ ಮತ್ತು ಸಂಗಡಿಗರು ೨೦೦೪ರಲ್ಲಿ ಇಂಡಿಯಂ, ಗ್ಯಾಲಿಯಂ, ಸತುಗಳ ಆಕ್ಸೈಡಿನಿಂದ ಪಾರದರ್ಶಕವಾದ, ಬಾಗಬಲ್ಲ ಟ್ರಾನ್ಸಿಸ್ಟರುಗಳನ್ನು ಮಾಡಿದರು. ಅವು ಸಿಲಿಕಾನಿನಷ್ಟು ಚುರುಕಲ್ಲ. ಆದರೆ ಮುಚ್ಚಿದರೆ ಮುಚ್ಚಿದಂತೆಯೇ, ಸೋರಿಕೆ ಅತ್ಯಲ್ಪ. ಹಾಗಾದರೆ ಬೆಳಕಿಗೆ ವಿದ್ಯುತ್ತನ್ನು ಹರಿಸುವ ಕೆಲಸ ಸಿಲಿಕಾನಿಗಿರಲಿ, ಗಡಿಗೆಯ ಬಾಯಿ ಕಾಯುವ ಕೆಲಸ ಆಕ್ಸೈಡಿಗಿರಲಿ ಎಂದು ಎರಡನ್ನೂ ಒಂದೇ ಚುಕ್ಕೆಯ ಹಿಂದೆ ಕೂಡಿಸಿದರು. ಇದಕ್ಕೆ ‘ಎಲ್‌ಟಿಪಿಒ’ ಎಂದು ಹೆಸರು. ೨೦೧೮ರ ಆಪಲ್ ಕೈಗಡಿಯಾರದಲ್ಲಿ ಇದು ಬಂದಿತು. ಮರುವರ್ಷದ ಗಡಿಯಾರದಲ್ಲಿ ಮುಖ ಆರುವುದೇ ಬೇಡವಾಯಿತು. ಸೆಕೆಂಡಿಗೆ ಒಂದೇ ಸಲ ತುಂಬಿದರೂ ಚಿತ್ರ ನಿಂತಿರುತ್ತಿತ್ತು. ನಿಮಿಷವೆಂದರೆ ಮೂಲದಲ್ಲಿ ಕಣ್ಣೆವೆ ಬಡಿಯುವಷ್ಟು ಕಾಲ. ಎವೆಯಿಕ್ಕದ ದೇವತೆಗಳನ್ನು ಅನಿಮಿಷರೆನ್ನುತ್ತಾರೆ. ನಿಮಿಷವನ್ನು ತೋರಿಸುವ ಯಂತ್ರವೇ ಅನಿಮಿಷವಾದದ್ದು ಸ್ವಾರಸ್ಯವಲ್ಲವೆ? ೨೦೨೨ರ ಹೊತ್ತಿಗೆ ದುಬಾರಿ ಮೊಬೈಲುಗಳಿಗೂ ಈ ಸೆಕೆಂಡಿಗೊಂದರ ವಿದ್ಯೆ ಇಳಿದು ಬಂದಿತ್ತು.

ನನ್ನ ತಲೆನೋವು ಮಾತ್ರ ಈ ಸೋರಿಕೆಯದಲ್ಲ. ಅದು ಬೇರೆ ಕಥೆ. ಬೆಳಕನ್ನು ತಗ್ಗಿಸಲು ವಿದ್ಯುತ್ತನ್ನೇ ತಗ್ಗಿಸಿದರೆ ಚುಕ್ಕೆ ಚುಕ್ಕೆಗೂ ಭೇದ ಕಂಡು ಪರದೆ ಮಚ್ಚೆಮಚ್ಚೆಯಾಗುತ್ತದೆ, ಬಣ್ಣ ಕೆಡುತ್ತದೆ. ಆದಕಾರಣ ಅನೇಕ ಪರದೆಗಳನ್ನು ಸೆಕೆಂಡಿಗೆ ೨೪೦ ಸಲ ಹೊತ್ತಿಸಿ ಆರಿಸಿ, ಆರಿರುವ ಹೊತ್ತನ್ನು ಹೆಚ್ಚಿಸುತ್ತಿದ್ದರು. ಪೂರ್ತಿ ಆರಿ ಹೊತ್ತುವ ದೀಪ ೧೨೫೦ ಆವರ್ತವನ್ನು ದಾಟಿದರೆ ಅಪಾಯ ಕಡಿಮೆ, ೩೦೦೦ ದಾಟಿದರೆ ಪರಿಣಾಮವೇ ಇಲ್ಲವೆನ್ನಬಹುದೆಂದು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ೨೦೧೫ರಲ್ಲಿ ಸೂಚಿಸಿತು. ಇಲ್ಲಿ ಮತ್ತೆ ಹಳೆಯ ಮದ್ದೇ: ೨೦೨೩ರಲ್ಲಿ ೩೮೪೦ ಆವರ್ತದ ಮೊಬೈಲುಗಳು ಬಂದವು. ಎಲ್ಲ ತಯಾರಕರೂ ಈ ದಾರಿ ಹಿಡಿದಿಲ್ಲ. ಪೆಟ್ಟಿಗೆಯ ಮೇಲೆ ಈ ಅಂಕಿಯನ್ನು ಅಚ್ಚುಮಾಡುವವರಂತೂ ವಿರಳ. ಬಣ್ಣಗಳ ಹೆಸರಿಗೆ ಇರುವ ಜಾಗ ಇದಕ್ಕೆ ಇಲ್ಲ!

ತಮ್ಮ ಮನೆಯ ಮೊಬೈಲನ್ನು ತಾವೇ ಪರೀಕ್ಷಿಸಬಹುದು. ಕೋಣೆಯ ದೀಪವಾರಿಸಿ, ಪರದೆಯಲ್ಲಿ ಬಿಳಿಯ ಹಾಳೆ ಬರುವಂತೆ ಮಾಡಿ ಬೆಳಕನ್ನು ತಗ್ಗಿಸಿ, ಅದರ ಮುಂದೆ ಒಂದು ಪೆನ್ಸಿಲನ್ನು ಬೇಗಬೇಗನೆ ಅತ್ತಿತ್ತ ಆಡಿಸಿ. ಒಂದೇ ಮಸುಕಾದ ಬೀಸಣಿಗೆಯಂತೆ ಕಂಡರೆ ಸರಿ. ಬೇಲಿಯ ಗೂಟಗಳಂತೆ ಹಲವು ಪೆನ್ಸಿಲುಗಳು ಬೇರೆ ಬೇರೆ ನಿಂತು ಕಂಡರೆ ಬೆಳಕು ಎವೆಯಿಕ್ಕುತ್ತಿದೆ ಎಂದು ತಿಳಿಯಿರಿ. ನನ್ನದರಲ್ಲಿ ಏಳೆಂಟು ಗೂಟಗಳು ಕಂಡವು. ಅಂದಿನಿಂದ ಕೋಣೆಯ ದೀಪ ಹೊತ್ತಿಸಿಕೊಂಡು, ಪರದೆಯ ಬೆಳಕನ್ನು ಮುಕ್ಕಾಲು ಪಾಲಿಗೆ ಏರಿಸಿಯೇ ಓದುತ್ತಿದ್ದೇನೆ.