ಹಾರ್ಮೋನ್ ಮಟ್ಟವನ್ನು 25ರ ಹರೆಯಕ್ಕೆ ಏರಿಸಿದರೆ ಮುಪ್ಪು ದೂರವಾಗುತ್ತದೆಯೇ?

‘ರಿಪೋರ್ಟ್ ನಾರ್ಮಲ್ ಇದ್ದರೆ ಸಾಲದು. ಹಾರ್ಮೋನ್‌ಗಳನ್ನು 25ರ ಹರೆಯದ ಮಟ್ಟಕ್ಕೆ ತಂದರೆ ಸುಸ್ತು, ಮುಪ್ಪು ಎರಡೂ ಓಡಿಹೋಗುತ್ತವೆ’ ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಇದು ಎಷ್ಟು ನಿಜ, ನೋಡೋಣ.

ನಿಜ ಎಷ್ಟು?

ಹಾರ್ಮೋನ್ ಮಟ್ಟ ಎಲ್ಲರಲ್ಲೂ ಒಂದೇ ಇರುವುದಿಲ್ಲ. ವಯಸ್ಸು, ನಿದ್ರೆ, ಕಾಯಿಲೆ, ದಿನದ ಹೊತ್ತು ಎಲ್ಲವೂ ಅದನ್ನು ಬದಲಿಸುತ್ತವೆ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚಿರುತ್ತದೆ. ಆದ್ದರಿಂದ ವೈದ್ಯರು ಬೆಳಿಗ್ಗೆಯೇ, ಒಂದಕ್ಕಿಂತ ಹೆಚ್ಚು ಸಲ ಪರೀಕ್ಷಿಸಿ ನಿರ್ಧರಿಸುತ್ತಾರೆ. ನಿಜವಾದ ಕೊರತೆಯಿದ್ದವರಿಗೆ ಚಿಕಿತ್ಸೆಯಿಂದ ಲಾಭವಿದೆ.

ತಪ್ಪು ಎಲ್ಲಿ?

ವಯಸ್ಸಾದಂತೆ ಆಗುವ ಬದಲಾವಣೆಗಳೆಲ್ಲ ರೋಗವಲ್ಲ. 2017ರಲ್ಲಿ ಯುರೋಪಿನ ಒಂದು ಅಧ್ಯಯನ ಪ್ರಕಟವಾಯಿತು. ಅದರಲ್ಲಿದ್ದವರು 65 ದಾಟಿದ 737 ಜನ. ಥೈರಾಯ್ಡ್ ಹಾರ್ಮೋನ್ ಸರಿಯಿದ್ದರೂ ಟಿಎಸ್‌ಎಚ್ ಮಾತ್ರ ಏರಿದ್ದವರು. ಒಂದು ವರ್ಷದ ಬಳಿಕ ಥೈರಾಯ್ಡ್ ಮಾತ್ರೆ ಪಡೆದವರ ಟಿಎಸ್‌ಎಚ್ ಇಳಿದಿತ್ತು. ಆದರೆ ಸುಸ್ತು, ಹುಸಿ ಮಾತ್ರೆ ತಿಂದವರಿಗಿಂತ ಕಡಿಮೆಯಾಗಿರಲಿಲ್ಲ. ರಿಪೋರ್ಟ್ ಸುಧಾರಿಸಿತು, ಮನುಷ್ಯ ಹಾಗೇ ಉಳಿದ!

ಮಹಿಳೆಯರಲ್ಲಿ

ಅಮೆರಿಕದಲ್ಲಿ 50ರಿಂದ 79 ವರ್ಷದ 16,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ಈಸ್ಟ್ರೋಜೆನ್–ಪ್ರೊಜೆಸ್ಟಿನ್ ಅಧ್ಯಯನ ನಡೆಯುತ್ತಿತ್ತು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಿದ್ದರಿಂದ 2002ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಹಾಗೆಂದು ಈ ಚಿಕಿತ್ಸೆ ವಿಷವಲ್ಲ. 60ರೊಳಗಿನವರಿಗೆ ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ, ಮೈ ಬಿಸಿಯೇರಿ ಬೆವರುವ ತೊಂದರೆ ತೀವ್ರವಾಗಿದ್ದರೆ, ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು. ಅಂದರೆ ನೋಡಬೇಕಾದದ್ದು ವಯಸ್ಸು, ತೊಂದರೆ, ಹಿಂದಿನ ಕಾಯಿಲೆಗಳನ್ನು. ಬರೀ ರಿಪೋರ್ಟಿನ ಅಂಕಿಯನ್ನಲ್ಲ.

ಪುರುಷರಲ್ಲಿ

ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟಾಗ ವೃಷಣಗಳಿಗೆ ಮೆದುಳಿನಿಂದ ಹೋಗುವ ಸಂದೇಶ ತಗ್ಗುತ್ತದೆ, ವೀರ್ಯಾಣು ಉತ್ಪಾದನೆ ಕುಸಿಯುತ್ತದೆ. ಮಗು ಬೇಕೆನ್ನುವವರು ಇದನ್ನು ಮೊದಲೇ ತಿಳಿದಿರಬೇಕು. ರಕ್ತ ದಪ್ಪವಾಗುವ ಸಾಧ್ಯತೆಯೂ ಇದೆ.

ಏನು ಮಾಡಬೇಕು?

ಸುಸ್ತಿಗೆ ರಕ್ತಹೀನತೆ, ಸಕ್ಕರೆ ಕಾಯಿಲೆ, ನಿದ್ರಾಹೀನತೆ, ಖಿನ್ನತೆಯೂ ಕಾರಣವಿರಬಹುದು. ಹಾರ್ಮೋನ್ ಪ್ಯಾಕೇಜ್ ಕೊಳ್ಳುವ ಮೊದಲು ಅವನ್ನು ಪರೀಕ್ಷಿಸಿಕೊಳ್ಳಿ. ‘ನನಗೆ ಯಾವ ಕೊರತೆಯಿದೆ? ಎಷ್ಟು ದಿನ ತೆಗೆದುಕೊಳ್ಳಬೇಕು? ಅಡ್ಡಪರಿಣಾಮವೇನು?’ ಎಂದು ವೈದ್ಯರನ್ನು ಕೇಳಿ. ಈಗಾಗಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ನೀವಾಗಿಯೇ ನಿಲ್ಲಿಸಬೇಡಿ.

ನಮ್ಮ ತೀರ್ಮಾನ: ಸಂದೇಶದಲ್ಲಿರುವುದು ಅರ್ಧ ಸತ್ಯ. ಕೊರತೆಗೆ ಚಿಕಿತ್ಸೆ ಇದೆ. ಮುಪ್ಪನ್ನು ಓಡಿಸುವ ಹಾರ್ಮೋನ್ ಮಟ್ಟ ಎಂಬುದು ಸಾಬೀತಾಗಿಲ್ಲ.